ಎರಡನೇ ಕುರ್ಚಿಗೆ ಕೂರದವರು

ಕಟಿಂಗ್ ಶಾಪಿನ ಬೆಂಚಿನ ಮೇಲೆ ಮೂರು ಜನ ಕೂತಿದ್ದಾರೆ. ಎದುರಿಗೆ ಕುರ್ಚಿ ಖಾಲಿ ಇದೆ. ಕುರ್ಚಿಯ ಪಕ್ಕದಲ್ಲಿ ಕತ್ತರಿ ಹಿಡಿದವನು ನಿಂತಿದ್ದಾನೆ. ಆದರೂ ಒಬ್ಬರೂ ಏಳುತ್ತಿಲ್ಲ. ಕೇಳುವವರಿಗೆ ಇದು ಒಗಟಿನ ಹಾಗೆ ಕಾಣಬಹುದು. ಕತ್ತರಿ ಹಿಡಿದು ನಿಂತವನಿಗೆ ಮಾತ್ರ ಮೊದಲ ವಾರದಲ್ಲೇ ಉತ್ತರ ಗೊತ್ತಾಗಿತ್ತು.

ಅವನನ್ನು ಮನೆಯಲ್ಲಿ ಎಲ್ಲರೂ ಕರೆಯುವುದು ಕತ್ತರಿ ಮಾಮ ಎಂದು. ಅದು ಅವನ ಅಕ್ಕನ ಮಗಳು ಇಟ್ಟ ಹೆಸರು. ಇಪ್ಪತ್ತು ವರ್ಷ ತನ್ನ ಊರಿನಲ್ಲಿ ಕ್ಷೌರ ಮಾಡಿದವನು. ಅಲ್ಲಿ ಜನ ಅವನ ಕೈಯೇ ಬೇಕೆಂದು ಕಾದು ಕೂರುತ್ತಿದ್ದರು. ನಾಲ್ಕು ತಿಂಗಳ ಹಿಂದೆ ಹೆಂಡತಿಯ ಜೊತೆ ಈ ಹೊಸ ದೇಶಕ್ಕೆ ಬಂದ. ಅಕ್ಕ ಇಲ್ಲಿಗೆ ಬಂದು ಹನ್ನೆರಡು ವರ್ಷವಾಗಿದೆ, ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ಗಂಡ ಹೆಂಡತಿ ಇಬ್ಬರೂ ಅವಳ ಮನೆಯ ಮೇಲಿನ ಕೋಣೆಯಲ್ಲೇ ಇದ್ದಾರೆ.

ಅಂಗಡಿಯಲ್ಲಿ ಇರುವುದು ಎರಡೇ ಕುರ್ಚಿ. ಮೊದಲನೆಯದರಲ್ಲಿ ಮಾಲೀಕ ಕೆಲಸ ಮಾಡುತ್ತಾನೆ, ಎರಡನೆಯದು ಮಾಮನದು. ಮಾಮ ಹೊದಿಕೆ ಬಟ್ಟೆ ಕೊಡವಿ, "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾನೆ. ಬೆಂಚಿನ ಮೇಲಿದ್ದವರು ನಗುತ್ತಾರೆ.

"ಪರವಾಗಿಲ್ಲ, ನಂಗೇನೂ ಅವಸರ ಇಲ್ಲ."

"ನನ್ನ ತಲೆ ಸ್ವಲ್ಪ ವಿಚಿತ್ರ, ಅವರಿಗೇ ಗೊತ್ತು."

ಒಬ್ಬರು ಅಂಚೆಯವರಿದ್ದರು. ಅವರ ತಲೆಯಲ್ಲಿ ಎರಡೂ ಕಿವಿಗಳ ಮೇಲೆ ಒಂದೊಂದು ಹಿಡಿ ಕೂದಲು ಬಿಟ್ಟರೆ ಮಿಕ್ಕಿದ್ದೆಲ್ಲ ಬಯಲು. ಅದಕ್ಕೂ ಅವರು ಮುಕ್ಕಾಲು ಗಂಟೆ ಮಾಲೀಕನಿಗಾಗಿ ಕಾಯುತ್ತಿದ್ದರು. ಅಷ್ಟು ಹೊತ್ತೂ ಮಾಮ ಬೇರೆಯವರ ಕೂದಲು ಗುಡಿಸುತ್ತ, ಒರೆಸಿದ ಕನ್ನಡಿಯನ್ನೇ ಮತ್ತೆ ಒರೆಸುತ್ತ ನಿಂತಿರಬೇಕು.

ಮಾಲೀಕ ಕೆಟ್ಟವನಲ್ಲ. ಮೆತ್ತಗಿನ ಮನುಷ್ಯ, ಅಷ್ಟೇ. "ಗಿರಾಕಿಗಳ ಮನಸ್ಸು, ನಾನೇನು ಮಾಡ್ಲಿ ಹೇಳು. ತಿಂಗಳ ಕೊನೆವರೆಗೂ ನೋಡೋಣ. ಆಗ್ಲೂ ಈ ಕುರ್ಚಿಗೆ ಜನ ಬರ್ಲಿಲ್ಲ ಅಂದ್ರೆ ತೆಗೆದುಬಿಡ್ತೀನಿ" ಎಂದಿದ್ದ. ಕುರ್ಚಿ ಹೋದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಈ ದೇಶದಲ್ಲಿ ಇರಲು ಕೊಟ್ಟ ಪರವಾನಗಿಯೂ ಹೋಗುತ್ತದೆ. ತಿಂಗಳು ಮುಗಿಯಲು ಇನ್ನು ಹದಿನಾರು ದಿನ ಉಳಿದಿತ್ತು.

ಸಂಜೆ ಅಕ್ಕ ತರಕಾರಿ ಹೆಚ್ಚುತ್ತ ಕೇಳಿದಳು. "ಇವತ್ತಾದ್ರೂ ಬಾಯಿ ಬಿಟ್ಟು ಕೇಳಿದ್ಯೇನೋ?"

"ಏನಂತ ಕೇಳ್ಲಿ ಅಕ್ಕ? ಅವರೇನು ಬೈದ್ರಾ, ಹೊಡೆದ್ರಾ? ನಗ್ತಾ ನಗ್ತಾನೇ ಬೇಡ ಅಂತಾರೆ."

"ನಗ್ತಾ ಅಂದ್ರೆ ಅದು ಬೇಡ ಅಲ್ದೆ ಹೋಗುತ್ತಾ?"

"ನಾವು ಬದುಕೋಕೆ ಬಂದವರು. ತಲೆ ತಗ್ಗಿಸ್ಕೊಂಡು ಹೋಗೋಣ. ಎಲ್ಲಾ ತಾನಾಗೇ ಸರಿ ಹೋಗುತ್ತೆ."

ಅಕ್ಕ ಚಾಕು ಕೆಳಗಿಟ್ಟಳು. "ನಾನು ಹೊಸದಾಗಿ ಬಂದಾಗ ವಾರ್ಡಲ್ಲಿ ಒಬ್ಬ ಅಜ್ಜಿ, ನೀನು ಸೂಜಿ ಚುಚ್ಬೇಡ, ನಿಜವಾದ ನರ್ಸನ್ನ ಕರಿ ಅಂದ್ಲು. ನಾನೂ ಎರಡು ತಿಂಗಳು ನುಂಗ್ಕೊಂಡೆ ಕಣೋ. ತಾನಾಗಿ ಏನೂ ಸರಿ ಹೋಗ್ಲಿಲ್ಲ. ಆಮೇಲೆ ಹೋಗಿ ನಮ್ಮ ಮೇಲಿನವರಿಗೆ ಹೇಳ್ದೆ. ಅವರು ಬಂದು ಅಜ್ಜಿ ಮಂಚದ ಪಕ್ಕ ನಿಂತ್ಕೊಂಡು, ಈ ವಾರ್ಡಿನ ನರ್ಸ್ ಇವರೇ ಅಂದ್ರು. ಅಷ್ಟೇ ಮಾತು. ಯಾರು ಹೇಳಬೇಕೋ ಅವರ ಬಾಯಲ್ಲಿ ಬರಬೇಕು ಅದು. ಬರೋ ಹಾಗೆ ನಾವು ಮಾಡಬೇಕು."

ಮಾಮ ಹೂಂಗುಟ್ಟಿದ. ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟ ಎಂಬುದು ಅಕ್ಕನಿಗೂ ಗೊತ್ತಾಯಿತು.

ಇದಾದ ಎರಡು ದಿನಕ್ಕೆ ನಡೆದ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಕಥೆಯ ತಿರುಳಿರುವುದೇ ಅಲ್ಲಿ. ಮಾಲೀಕ ಊಟಕ್ಕೆ ಹೋಗಿದ್ದ. ಎರಡೂ ಕುರ್ಚಿ ಖಾಲಿ ಇದ್ದವು. ಬಾಗಿಲು ತಳ್ಳಿಕೊಂಡು ಬಸ್ ಡ್ರೈವರ್ ಒಬ್ಬ ಒಳಗೆ ಬಂದ. ಎತ್ತರದ ಆಳು, ಡ್ರೈವರ್ ಸಮವಸ್ತ್ರ. ಮಾಮನದು ಎಣ್ಣೆಗೆಂಪು ಬಣ್ಣವಾದರೆ ಅವನದು ಅಚ್ಚ ಕಪ್ಪು. ತಲೆಗೆ ಅಂಟಿಕೊಂಡ ಗುಂಗುರು ಗುಂಗುರು ಕೂದಲು. ಅವನೂ ಬೇರೆ ಯಾವುದೋ ದೇಶದಿಂದ ಬಂದವನೇ. ಬಂದವನು ಸೀದಾ ಎರಡನೇ ಕುರ್ಚಿಯ ಮೇಲೆ ಕೂತ. ನಾಲ್ಕು ತಿಂಗಳಲ್ಲಿ ಯಾರ ಒತ್ತಾಯವೂ ಇಲ್ಲದೆ ಆ ಕುರ್ಚಿಗೆ ತಾನಾಗಿ ಬಂದು ಕೂತ ಮೊದಲ ಗಿರಾಕಿ ಅವನು.

ಮಾಮ ಹೆದರಿದ. ಇಂಥ ಕೂದಲಿಗೆ ಅವನ ಕೈ ಪಳಗಿರಲಿಲ್ಲ, ಅದೊಂದು ನಿಜ. ಆದರೆ ಅಷ್ಟೇ ಆಗಿದ್ದರೆ ಹಾಗೆಂದು ಹೇಳಬಹುದಿತ್ತು. 'ಆ ಜನ ಮುಂಗೋಪಿಗಳಂತೆ, ಮಾತಿಗೆ ಮುಂಚೆ ಕೈ ಎತ್ತುತ್ತಾರಂತೆ' ಎಂದು ಯಾರೋ ಎಂದೋ ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು. ಮಾಮ ಹೇಳಿದ, "ಮಶೀನ್ ಕೆಟ್ಟಿದೆ."

ಡ್ರೈವರ್ ಕೊಂಡಿಯಲ್ಲಿ ನೇತಾಡುತ್ತಿದ್ದ ಕಟಿಂಗ್ ಮಶೀನನ್ನು ಒಮ್ಮೆ ನೋಡಿದ, ಮಾಮನನ್ನು ಒಮ್ಮೆ ನೋಡಿದ. "ಸರಿ, ಇನ್ನೊಂದು ದಿನ ಬರ್ತೀನಿ" ಎಂದು ನಗುತ್ತಲೇ ಎದ್ದು ಹೋದ. ಕೋಪ ಮಾಡಲಿಲ್ಲ, ಕೈ ಎತ್ತುವುದಂತೂ ದೂರದ ಮಾತು.

ಅರ್ಧ ಗಂಟೆಯಾದ ಮೇಲೆ ಒಬ್ಬಳು ತಾಯಿ ತನ್ನ ಮಗುವನ್ನು ಕರೆತಂದಳು. ಅವಳಿಗೆ ಅವಸರ, ಮಾಲೀಕ ಇನ್ನೂ ಬಂದಿರಲಿಲ್ಲ. ಮಾಮ ಅದೇ ಮಶೀನನ್ನು ಮಗುವಿನ ಹಿಂಗತ್ತಿನ ಮೇಲೆ ಆಡಿಸುತ್ತಿದ್ದ. ಅಂಗಡಿಯ ಗಾಜಿನ ಎದುರು ಸಿಗ್ನಲ್ ಬಿದ್ದು ಒಂದು ಬಸ್ ನಿಂತಿತು. ಮಾಮ ಸುಮ್ಮನೆ ತಲೆ ಎತ್ತಿದ. ಸ್ಟಿಯರಿಂಗ್ ಹಿಡಿದು ಕೂತಿದ್ದವನು ಅದೇ ಡ್ರೈವರ್. ಅವನ ಕಣ್ಣು ಮಾಮನ ಕೈಯಲ್ಲಿ ಗುಂಯ್‌ಗುಡುತ್ತಿದ್ದ ಮಶೀನಿನ ಮೇಲಿತ್ತು. ಸಿಗ್ನಲ್ ಬಿಟ್ಟಿತು, ಬಸ್ ಹೋಯಿತು. ನೆಲ ಬಾಯಿ ಬಿಟ್ಟರೆ ಇಳಿದು ಹೋಗುತ್ತಿದ್ದೆನಲ್ಲ ಎನಿಸಿತು ಮಾಮನಿಗೆ.

ಮಾರನೆಯ ಸಂಜೆ ಹೆಂಡತಿ ಕೆಲಸದಿಂದ ಕೆಂಡವಾಗಿ ಬಂದಳು. ಅವಳು ದೊಡ್ಡದೊಂದು ಲಾಂಡ್ರಿಯಲ್ಲಿ ಕೆಲಸಕ್ಕಿದ್ದಾಳೆ. ಅಲ್ಲಿ ಮಂಚದ ಚಾದರಗಳನ್ನು ಮಡಿಸಲು ಇಬ್ಬರು ಬೇಕು, ಈ ತುದಿಗೊಬ್ಬರು ಆ ತುದಿಗೊಬ್ಬರು. ಇವಳ ಎದುರು ತುದಿಗೆ ನಿಲ್ಲುವವಳು ಒಬ್ಬ ಬಸ್ ಡ್ರೈವರನ ಹೆಂಡತಿ. ದಿನಕ್ಕೆ ಮುನ್ನೂರು ಚಾದರ ಮಡಿಸುವಷ್ಟರಲ್ಲಿ ಇಬ್ಬರೂ ಗೆಳತಿಯರಾಗಿದ್ದರು.

"ಕೇಳಿದ್ರಾ ಅತ್ತಿಗೆ" ಎಂದಳು ಚಪ್ಪಲಿ ಬಿಡುತ್ತ. "ನನ್ನ ಜೊತೆಯವಳ ಗಂಡ ನಿನ್ನೆ ಕಟಿಂಗಿಗೆ ಹೋದ್ರೆ, ಅಲ್ಲಿದ್ದವನು ಮಶೀನ್ ಕೆಟ್ಟಿದೆ ಅಂತ ವಾಪಸ್ ಕಳಿಸಿದ್ನಂತೆ. ಆಮೇಲೆ ನೋಡಿದ್ರೆ ಅದೇ ಮಶೀನಲ್ಲಿ ಬೇರೆಯವರಿಗೆ ಮಾಡ್ತಿದ್ನಂತೆ. ಪಾಪ ಆ ಮನುಷ್ಯ ಊಟಾನೂ ಸರಿಯಾಗಿ ಮಾಡ್ಲಿಲ್ಲವಂತೆ. ಎಂಥ ಜನ ಇರ್ತಾರೆ ನೋಡಿ."

ಕುಕ್ಕರ್ ಒಂದು ಸಲ ಕೂಗಿತು.

"ನಾನೇ" ಎಂದ ಮಾಮ.

"ನೀವೇ ಏನು?"

"ಅವರನ್ನ ಕಳಿಸಿದವನು ನಾನೇ."

ಹೆಂಡತಿ ಅವನನ್ನೇ ನೋಡುತ್ತ ನಿಂತಳು. ಬೈದಿದ್ದರೆ ಮಾಮನಿಗೆ ಎಷ್ಟೋ ವಾಸಿಯಿತ್ತು. ಅವಳು ಮೆಲ್ಲಗೆ ಹೇಳಿದಳು, "ನನ್ನ ಕುರ್ಚಿಗೆ ಯಾರೂ ಕೂರಲ್ಲ ಅಂತ ದಿನಾ ಬಂದು ನನ್ನ ಹತ್ರ ಗೋಳು ಹೇಳ್ಕೋತೀರಲ್ಲ ರೀ. ಕೂತ ಒಬ್ಬರನ್ನ ನೀವೇ ಎಬ್ಬಿಸಿ ಕಳಿಸಿದ್ರಾ?"

"ಆ ಜನ ಜಗಳಗಂಟರು ಅಂತ ಕೇಳಿದ್ದೆ."

"ಯಾರಿಂದ ಕೇಳಿದ್ಯೋ?" ಅಕ್ಕ ಕೇಳಿದಳು.

"ಯಾರೋ ಅಂದ್ರು."

"ನೀನು ಈವರೆಗೆ ಅವರ ಪೈಕಿ ಎಷ್ಟು ಜನರ ಜೊತೆ ಮಾತಾಡಿದೀಯ?"

ಮಾಮ ಲೆಕ್ಕ ಹಾಕಿದ. "ಇವರೊಬ್ಬರೇ. ಮಶೀನ್ ಕೆಟ್ಟಿದೆ ಅಂದೆ. ಅಷ್ಟೇ ಮಾತು."

"ನೋಡು, ನಿನ್ನ ಬಗ್ಗೇನೂ ಆ ಬೆಂಚಿನವರಿಗೆ ಯಾರೋ ಏನೋ ಅಂದಿರ್ತಾರೆ. ಕೈ ಶುದ್ಧ ಇಲ್ಲ, ಕೆಲಸ ಬರಲ್ಲ ಅಂತ. ಅವರೂ ನಿನ್ನ ಜೊತೆ ಮಾತಾಡಿಲ್ಲ. ನೀನು ಹೇಳಿದ ನೆಪಕ್ಕೂ ಅವರು ಹೇಳೋ ನೆಪಕ್ಕೂ ಏನು ವ್ಯತ್ಯಾಸ ಹೇಳು."

ಮಾಮನಿಗೆ ಬಸ್ಸಿನ ಕಿಟಕಿಯಿಂದ ತನ್ನನ್ನು ನೋಡಿದ ಆ ಮುಖ ನೆನಪಾಯಿತು. ಖಾಲಿ ಕುರ್ಚಿಯ ಪಕ್ಕ ನಿಂತಾಗ ತನ್ನ ಮುಖವೂ ಹಾಗೇ ಇರುತ್ತದೆ ಎನಿಸಿ ಅವನಿಗೆ ನಿಜಕ್ಕೂ ಅಳು ಬಂತು.

ರಜೆಯ ದಿನ ಗಂಡ ಹೆಂಡತಿ ಡ್ರೈವರನ ಮನೆಗೆ ಹೋದರು. ಬಾಗಿಲು ತೆರೆದ ಡ್ರೈವರ್ ಮಾಮನನ್ನು ಗುರುತಿಸಿ, "ಮಶೀನ್ ರಿಪೇರಿ ಆಯ್ತಾ?" ಎಂದ.

"ಕೆಟ್ಟಿರ್ಲಿಲ್ಲ. ನಿಮ್ಮ ಬಣ್ಣ ನೋಡಿ ಹೆದರಿ ಸುಳ್ಳು ಹೇಳ್ದೆ. ತಪ್ಪಾಯ್ತು." ಈ ದೇಶದ ಭಾಷೆಯಲ್ಲಿ ಹರುಕು ಮುರುಕಾಗಿ ಇದನ್ನು ಹೇಳಲು ಮಾಮ ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ. "ನಿಮ್ಮಂಥ ಕೂದಲು ಕತ್ತರಿಸಿ ನನಗೆ ಅಭ್ಯಾಸವೂ ಇಲ್ಲ."

"ಅಭ್ಯಾಸ ಇಲ್ಲ ಅಂತ ಅವತ್ತೇ ಅಂದಿದ್ರೆ ನಾನೇ ಹೇಳಿಕೊಡ್ತಿದ್ದೆ. ಬಣ್ಣದ ಮಾತು ಕೇಳಿ ಬೇಜಾರಾಯ್ತು. ಆದ್ರೆ ಇದುವರೆಗೆ ಯಾರೂ ಬಾಗಿಲಿಗೆ ಬಂದು ಅದನ್ನ ಒಪ್ಕೊಂಡಿರ್ಲಿಲ್ಲ. ಒಳಗೆ ಬನ್ನಿ" ಎಂದ ಡ್ರೈವರ್. ಅವತ್ತು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಅವನು ತನ್ನ ತಲೆಯನ್ನೇ ಮಾಮನ ಪಾಠಕ್ಕೆ ಕೊಟ್ಟ. ಇಂಥ ಕೂದಲಿಗೆ ನೀರು ಹಾಕಬಾರದು, ಅಗಲ ಹಲ್ಲಿನ ಬಾಚಣಿಗೆಯಿಂದ ಬಿಡಿಸಿ ಎತ್ತಬೇಕು, ಮಶೀನನ್ನು ಮೊದಲು ಕೂದಲು ಬೆಳೆದ ದಿಕ್ಕಿಗೇ ಆಡಿಸಬೇಕು. ಮಾಮ ಎಡಕಿವಿಯ ಮೇಲೆ ಸ್ವಲ್ಪ ಹೆಚ್ಚೇ ತೆಗೆದುಬಿಟ್ಟ. ಡ್ರೈವರನ ಹೆಂಡತಿ ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೆ ಮಾಮ ಮಾಲೀಕನೆದುರು ನಿಂತ. ಮೊದಲು ತನ್ನ ತಪ್ಪನ್ನೇ ಹೇಳಿದ. "ನಿಮ್ಮ ಅಂಗಡಿ ಹೆಸರಲ್ಲಿ ಒಬ್ಬರನ್ನ ಬಣ್ಣ ನೋಡಿ ವಾಪಸ್ ಕಳಿಸಿದ್ದೆ. ಇನ್ನು ಹಾಗೆ ಮಾಡಲ್ಲ. ಈಗ ನನ್ನ ಮಾತೂ ಸ್ವಲ್ಪ ಕೇಳಿ. ನನ್ನನ್ನೂ ದಿನಾ ಹಾಗೇ ಬೇಡ ಅಂತಾರೆ. ಅದು ನಿಮಗೂ ಗೊತ್ತು. ಯಾರ ಸರದಿ ಬಂದ್ರೂ ಯಾವ ಕುರ್ಚಿ ಖಾಲಿ ಇದೆಯೋ ಅಲ್ಲಿ ಕೂರಬೇಕು ಅಂತ ನಿಯಮ ಮಾಡಿ. ಅದನ್ನ ನೀವೇ ಹೇಳಬೇಕು. ನಾನು ಹೇಳಿದ್ರೆ ಬೇಡಿಕೊಂಡ ಹಾಗಾಗುತ್ತೆ."

"ಗಿರಾಕಿ ಎದ್ದು ಹೋದ್ರೆ?" ಎಂದ ಮಾಲೀಕ.

"ಒಬ್ಬಿಬ್ಬರು ಹೋಗಬಹುದು. ನೀವು ಸುಮ್ಮನಿದ್ರೆ ನಾನು ಹೋಗ್ತೀನಿ. ಹೇಗಿದ್ರೂ ಯಾರಾದ್ರೂ ಹೋಗ್ಲೇಬೇಕಲ್ಲ."

ಮಾಲೀಕ ಎರಡು ದಿನ ಮೀನ ಮೇಷ ಎಣಿಸಿದ. ಮೂರನೆಯ ದಿನ ಬೆಂಚು ತುಂಬಿತ್ತು. ಡ್ರೈವರನೂ ಬಂದು ಕೊನೆಯಲ್ಲಿ ಕೂತಿದ್ದ, ಎಡಕಿವಿಯ ಮೇಲಿನದಕ್ಕೆ ಬಲಗಡೆಯದನ್ನೂ ಸಮ ಮಾಡಿಸಿಕೊಳ್ಳಲು. ಸರದಿ ಅಂಚೆಯವರದು. ಮಾಮ ಹೊದಿಕೆ ಕೊಡವಿ ಕರೆದ.

"ಇರಲಿ, ಕಾಯ್ತೀನಿ" ಎಂದರು ಅಂಚೆಯವರು, ಎಂದಿನ ನಗುವಿನಲ್ಲೇ.

ಮಾಲೀಕನ ಕತ್ತರಿ ನಿಂತಿತು. ಅವನ ಕಿವಿ ಕೆಂಪಾಗಿತ್ತು. "ಇವತ್ತಿಂದ ನಮ್ಮಲ್ಲಿ ಸರದಿ ಪ್ರಕಾರ, ಖಾಲಿ ಇರೋ ಕುರ್ಚಿಗೆ. ಇವರು ನನ್ನಷ್ಟೇ ಕೆಲಸ ಬಲ್ಲವರು. ಬೇಡ ಅಂದ್ರೆ ಯಾಕೆ ಅಂತ ಹೇಳಿ, ಕೇಳ್ತೀನಿ."

ಇಷ್ಟು ದಿನ ಅಂಚೆಯವರ ನೆಪ ಕೇಳಿದವರಿದ್ದರು, ಕಾರಣ ಕೇಳಿದವರು ಯಾರೂ ಇರಲಿಲ್ಲ. ಬೆಂಚಿನ ಮೇಲಿದ್ದ ಇನ್ನೊಬ್ಬ ಗೊಣಗುತ್ತ ಎದ್ದು ಹೊರಟೇಹೋದ. ಅಂಚೆಯವರು ಬಾಗಿಲನ್ನೊಮ್ಮೆ, ಕುರ್ಚಿಯನ್ನೊಮ್ಮೆ ನೋಡಿದರು. ಕೊನೆಗೆ ಬಂದು ಕೂತು, "ಕಿವಿ ಹತ್ತಿರ ಹುಷಾರು" ಎಂದರು.

"ಇರೋದೇ ಅಲ್ಲಿ, ಹುಷಾರಾಗೇ ನೋಡ್ಕೋತೀನಿ" ಎಂದ ಮಾಮ. ಬೆಂಚಿನ ತುದಿಯಿಂದ ಡ್ರೈವರ್ ಮೊದಲು ನಕ್ಕ. ಆಮೇಲೆ ಅಂಚೆಯವರೂ ನಕ್ಕರು.

ಗೊಣಗಿ ಹೋದವನು ಮತ್ತೆ ಬರಲಿಲ್ಲ. ಆದರೆ ತಿಂಗಳ ಕೊನೆಯಲ್ಲಿ ಎರಡನೇ ಕುರ್ಚಿ ಅಲ್ಲೇ ಇತ್ತು, ಪರವಾನಗಿಗೆ ಬೇಕಾದ ಮಾಮನ ಕೆಲಸದ ಕಾಗದಕ್ಕೆ ಮಾಲೀಕ ಸಹಿ ಹಾಕಿದ್ದ. ಮನೆಯಲ್ಲಿ ಆ ಕಾಗದ ಅಕ್ಕನ ಕೈಯಿಂದ ಹೆಂಡತಿಯ ಕೈಗೆ ಹೋಯಿತು. ಅವಳು ಓದಿದಳು, ಮಡಿಸಿದಳು, ಆದರೆ ಮುಖದಲ್ಲಿ ನಗು ಬರಲಿಲ್ಲ.

"ನಾಳೆ ನಾನೂ ನಮ್ಮ ಮೇಲಿನವರ ಹತ್ರ ಒಂದು ಮಾತು ಕೇಳಬೇಕು" ಎಂದಳು. "ಬೆಳಿಗ್ಗೆ ಹೊತ್ತು ಬಿಸಿ ಇಸ್ತ್ರಿ ಮಶೀನಿನ ಹತ್ರ ಯಾವಾಗ್ಲೂ ನನ್ನ ಗೆಳತಿಯನ್ನೇ ನಿಲ್ಲಿಸ್ತಾರೆ. ಆ ಜನಕ್ಕೆ ಬಿಸಿ ತಡೆಯೋ ಶಕ್ತಿ ಇದೆ ಅಂತಾರೆ. ಅವಳ ಕೈ ತುಂಬಾ ಬೊಬ್ಬೆ. ನಾನು ದಿನಾ ನೋಡ್ತಿದ್ದೆ, ಸುಮ್ಮನಿದ್ದೆ. ಯಾಕೆ ಗೊತ್ತಾ? ಅವಳು ಅಲ್ಲಿ ನಿಂತ್ರೆ ನಾನು ನಿಲ್ಲಬೇಕಾಗಿರ್ಲಿಲ್ಲ."

ಅಕ್ಕ ಅವಳ ತಲೆ ಸವರಿದಳು. ಮಾರನೆಯ ದಿನ ಹೆಂಡತಿ ಲಾಂಡ್ರಿಯ ಮೇಲಿನವರನ್ನು ಕೇಳಿಯೇಬಿಟ್ಟಳು. ಈಗ ಆ ಮಶೀನಿನ ಬಳಿ ಎಲ್ಲರೂ ಸರದಿಯಂತೆ ನಿಲ್ಲುತ್ತಾರೆ, ಅವಳೂ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಹೊಸ ದೇಶಕ್ಕೆ ಬಾಳಲು ಹೋದ ನಿಮ್ಮನ್ನು ಯಾರಾದರೂ ಬಣ್ಣ ನೋಡಿ, ಹುಟ್ಟು ನೋಡಿ ಬೇಡವೆಂದರೆ ನುಂಗಿಕೊಳ್ಳಬೇಡಿ. ಆ ಜಾಗದಲ್ಲಿ ಯಾರು ಹೊಣೆಯೋ ಅವರ ಬಳಿ ಹೋಗಿ ಹೇಳಿ, ಒಬ್ಬರೇ ಹೋಗಲು ಅಳುಕಾದರೆ ನಿಮ್ಮವರನ್ನು ಜೊತೆಗೆ ಕರೆದುಕೊಂಡು ಹೋಗಿ. ನೀವೇ ಹೊಣೆ ಹೊತ್ತವರಾದರೆ ಮಾಲೀಕನ ಹಾಗೆ ಕಿವಿ ಕೆಂಪಾದರೂ ಸರಿ, ಬಾಯಿ ಬಿಟ್ಟು ಹೇಳಿ. 'ಆ ಜನ ಹೀಗಂತೆ' ಎಂಬ ಮಾತು ಕಿವಿಗೆ ಬಿದ್ದಾಗ, ಯಾರು ಹೇಳಿದ್ದು, ನಾನು ಅವರಲ್ಲಿ ಎಷ್ಟು ಜನರನ್ನು ಬಲ್ಲೆ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ನಿಮಗೆ ಆದ ಅನ್ಯಾಯ ನಿಮಗೆ ನೆನಪಿದ್ದೇ ಇರುತ್ತದೆ. ಇವತ್ತು ಮಲಗುವ ಮುಂಚೆ, ನೀವು ನೋಡಿಯೂ ಸುಮ್ಮನಿದ್ದ ಒಂದನ್ನು ನೆನಪು ಮಾಡಿಕೊಳ್ಳಿ. ನಾಳೆ ಅದನ್ನು ಕೇಳಿ.