ಏರಿನಲ್ಲಿ ನಿಂತ ಲಾರಿ

ಚೀನಾಕ್ಕೆ ಅದಿರು ಹೋಗುತ್ತಿದ್ದ ವರ್ಷಗಳವು. ಸಂಡೂರಿನಿಂದ ಹೊಸಪೇಟೆಗೆ ಬಸ್ಸಿಗಿಂತ ಲಾರಿ ಸಿಗುವುದೇ ಸುಲಭ. ಹೊಸಪೇಟೆ ಪಕ್ಕದ ಚಿತ್ತವಾಡ್ಗಿಯಲ್ಲಿದ್ದ ಮಗಳು ಕರೆಮ್ಮನನ್ನು ನೋಡಲು ಹೊರಟಿದ್ದ ಉಚ್ಚೆಂಗಮ್ಮನನ್ನು ಅಳಿಯ ಪಕ್ಕೀರಪ್ಪನೇ ತಾನು ಓಡಿಸುವ ಅದಿರಿನ ಲಾರಿಯಲ್ಲಿ ಕೂರಿಸಿಕೊಂಡ. ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿಯತ್ತ ಮುಖ ಮಾಡಿ ಕೂತಿದ್ದಳು. ಹೊರಗೆ ಅದಿರಿನ ಧೂಳಿಗೆ ಗಿಡಮರಗಳೆಲ್ಲ ಕೆಂಪಾಗಿದ್ದವು.

ಏರು ಶುರುವಾದ ಮೇಲೆ ಪಕ್ಕೀರಪ್ಪ ಗೇರ್ ಬದಲಿಸಲು ಕ್ಲಚ್ ಒತ್ತಿದ. ಪೆಡಲ್ ತಳಕ್ಕೆ ಹೋಗಿ ಅಲ್ಲೇ ಉಳಿಯಿತು, ಮೇಲೆ ಬರಲಿಲ್ಲ. ಗೇರ್ ಬಿಡಲಿಲ್ಲ. ಎಂಜಿನ್ ನಾಲ್ಕಾರು ಸಲ ಕುಲುಕಾಡಿ ಸತ್ತಿತು. ತುಂಬಿದ ಲಾರಿ ಏರಿನ ನಡುವೆ, ಗೇರಿನ ಹಿಡಿತವೊಂದರ ಮೇಲೆ ನಿಂತುಬಿಟ್ಟಿತು.

ಪಕ್ಕೀರಪ್ಪ ಕೆಳಗಿಳಿದು ರಸ್ತೆ ಬದಿಯ ಅದಿರಿನ ದೊಡ್ಡ ಕಲ್ಲುಗಳನ್ನು ಹಿಂದಿನ ಚಕ್ರಗಳಿಗೆ ಒಡ್ಡಿದ. ಹ್ಯಾಂಡ್‌ಬ್ರೇಕ್ ಕೆಟ್ಟು ಎಷ್ಟೋ ತಿಂಗಳಾಗಿತ್ತು. ಎಂಜಿನ್ ನಿಂತ ಮೇಲೆ ಬ್ರೇಕಿನ ಗಾಳಿಯೂ ಸೋರಿ, ಬ್ರೇಕೂ ಹಿಡಿಯದಂತಾಗುತ್ತಿತ್ತು. ಲೋಡ್ ಲಾರಿಗಳು ಹಾರ್ನ್ ಒತ್ತುತ್ತ ಪಕ್ಕದಿಂದ ಸಾಗಿದವು. ಏರಿನಲ್ಲಿ ನಿಂತರೆ ಮತ್ತೆ ಏಳುವುದು ಕಷ್ಟ, ಹಾಗಾಗಿ ಒಂದೂ ನಿಲ್ಲಲಿಲ್ಲ.

"ಅತ್ತಿ, ಕ್ಲಚ್ಚಿನ ಎಣ್ಣಿ ಹಳೇದಾಗಿ ಪೈಪಿನಾಗ ಗಾಳಿ ಹೊಕ್ಕೈತ್ರಿ," ಎಂದ. "ಹೊಸಾ ಎಣ್ಣಿ ಹಾಕಿ ಗಾಳಿ ತೆಗೀಬೇಕು. ನಾ ಕೆಳಗ ಮಲಗತೀನಿ. ನೀವು ಪೆಡಲ್ ಒತ್ತಬೇಕ್ರಿ."

"ನಾನಾ? ಬ್ಯಾಡ್ರಿ ಅಳಿಯಂದ್ರ. ನನಗ ಭಾಳ ಹೆದರಿಕಿ ಆಗತೈತಿ."

"ಒತ್ರಿ ಅಂದಾಗ ಒತ್ರಿ, ಬಿಡ್ರಿ ಅಂದಾಗ ಬಿಡ್ರಿ. ಅಷ್ಟಾ. ನಾ ಹೇಳೋತನಕ ಮಾತ್ರ ಕಾಲು ತೆಗೀಬ್ಯಾಡ್ರಿ. ತೆಗದ್ರ ಮತ್ತ ಗಾಳಿ ಹೊಕ್ಕೊಂತೈತಿ."

ಉಚ್ಚೆಂಗಮ್ಮ ಸೀರೆ ಎತ್ತಿ ಕಟ್ಟಿ ಡ್ರೈವರ್ ಸೀಟಿಗೆ ಸರಿದಳು. ಪಕ್ಕೀರಪ್ಪ ಕ್ಲಚ್ಚಿನ ಡಬ್ಬಿಗೆ ಹೊಸ ಬ್ರೇಕ್ ಆಯಿಲ್ ಸುರಿದ. ಮುಂದಿನ ಚಕ್ರದ ಹಿಂದೆ ಗೋಣಿಚೀಲ ಹಾಸಿ, ಸ್ಪ್ಯಾನರ್ ಹಿಡಿದು ಅಡಿಗೆ ತೂರಿದ. ಆಮೇಲೆ ಆಕೆಗೆ ಅವನ ದನಿ ಮಾತ್ರ ಕೇಳುತ್ತಿತ್ತು.

"ಒತ್ರಿ… ಬಿಡ್ರಿ. ಒತ್ರಿ… ಹಿಡೀರಿ… ಈಗ ಬಿಡ್ರಿ."

ಹಿಡೀರಿ ಎಂದಾಗ ಅವನು ಕೆಳಗೆ ಪೈಪಿನ ತುದಿಯಲ್ಲಿ ಗಾಳಿ ಬಿಡುವ ನಿಪ್ಪಲ್ ಸಡಿಲಿಸುತ್ತಿದ್ದ. ಗುಳ್ಳೆ ಗುಳ್ಳೆಯಾಗಿ ಕಪ್ಪು ಎಣ್ಣೆ ಬಾಟಲಿಗೆ ಬೀಳುತ್ತಿತ್ತು. ಮೊದಮೊದಲು ಸತ್ತಂತಿದ್ದ ಪೆಡಲ್ ಆಕೆಯ ಅಂಗಾಲಿಗೆ ನಿಧಾನವಾಗಿ ಎದುರು ಒತ್ತತೊಡಗಿತು. ಪಕ್ಕೀರಪ್ಪ ಒಮ್ಮೆ ಎದ್ದು ಬಂದು ಡಬ್ಬಿ ತುಂಬಿಸಿ ಮತ್ತೆ ಅಡಿಗೆ ಹೋದ.

"ಒತ್ರಿ. ಹಿಡೀರಿ."

ಈ ಸಲ ಪೆಡಲ್ ಗಟ್ಟಿಯಾಗಿತ್ತು. ಆಕೆ ಎರಡೂ ಕಾಲು ಸೇರಿಸಿ ಒತ್ತಿ ಹಿಡಿದಳು. ಎದುರಿನ ಜಾಲಿಗಿಡ ಮುಂದಕ್ಕೆ ಸರಿದಂತೆ ಕಂಡಿತು. ಕಣ್ಣು ಮಂಜಾಯಿತೇನೋ ಅಂದುಕೊಂಡಳು. ಹಿಂದೆ ಕರಕರ ಸದ್ದಾಯಿತು. ಚಕ್ರಕ್ಕೆ ಒಡ್ಡಿದ ಅದಿರು ಪುಡಿಯಾಗುತ್ತಿತ್ತು. ಗಿಡವಲ್ಲ, ಲಾರಿಯೇ ಹಿಂದಕ್ಕೆ ಜಾರುತ್ತಿತ್ತು.

"ಹಿಡೀರಿ, ಬಿಡಬ್ಯಾಡ್ರಿ!" ಕೆಳಗಿನಿಂದ ಕೂಗು. ನಿಪ್ಪಲ್ಲಿನ ಮೇಲೆ ಕಣ್ಣಿಟ್ಟಿದ್ದವನಿಗೆ ಚಕ್ರ ಕಂಡಿರಲಿಲ್ಲ.

ಕೂಗಲು ಹೋದರೆ ಆಕೆಗೆ ದನಿಯೇ ಹೊರಡಲಿಲ್ಲ. ಬಿಡಬೇಡ ಅನ್ನುತ್ತಿದ್ದಾನೆ. ಆದರೆ ಕಾಲಿಡುವ ಮುಂಚೆ ಲಾರಿ ನಿಂತೇ ಇತ್ತಲ್ಲ? ಆಕೆಗೆ ಗೊತ್ತಿದ್ದುದು ಅದೊಂದೇ. ಎರಡೂ ಕಾಲು ಕಿತ್ತುಕೊಂಡಳು.

ಲಾರಿ ಜಗ್ಗಿ ನಿಂತಿತು. ಆಕೆಯ ಬೆನ್ನು ಸೀಟಿಗೆ ಬಡಿಯಿತು.

ಕೆಳಗೆ ಸದ್ದಿಲ್ಲ.

"ಪಕ್ಕೀರಪ್ಪಾ!" ಎಂದು ಕೂಗಿದಳು. "ಏ ತಮ್ಮಾ, ಮಾತಾಡೋ!" ಇಳಿದು ನೋಡಬೇಕು, ಆದರೆ ನೋಡುವ ಧೈರ್ಯವಿಲ್ಲ. ಏನು ಕಾಣುವುದೋ, ಕರೆಮ್ಮನಿಗೆ ಏನು ಹೇಳುವುದೋ. ಬಾಗಿಲ ಚಿಲಕವೂ ಕೈಗೆ ಸಿಗಲಿಲ್ಲ.

ಕೊನೆಗೆ ಇಳಿದಾಗ ಮೊದಲು ಕಂಡಿದ್ದು ಅಳಿಯನ ಕೈ. ಮಣ್ಣು ಗೀರುತ್ತ ಹೊರಬರುತ್ತಿತ್ತು. ಟೈರು ಗೋಣಿಚೀಲವನ್ನು ಹತ್ತಿ, ಅವನ ಭುಜದಿಂದ ಗೇಣುದ್ದ ಆಚೆ ನಿಂತಿತ್ತು. ಪಕ್ಕೀರಪ್ಪ ತೆವಳಿ ಬಂದು ರಸ್ತೆ ಬದಿಗೆ ಕೂತ. ಮೀಸೆಯ ಮೇಲೆಲ್ಲ ಎಣ್ಣೆ.

"ಗಾಳಿ ಹೋಗಿ ಕ್ಲಚ್ ಹಿಡದೈತ್ರಿ," ಎಂದ. "ಅದಕ್ಕಾ ಜಾರಿತು. ನೀವು ಒತ್ತಿದ ಕೂಡಲೇ ಗೇರಿನ ಹಿಡಿತ ಬಿಡತು. ನನಗದು ಹೊಳೀಲಿಲ್ಲ."

ಲಾರಿ ಜಾರಿ ಅದರ ಹಿಂಭಾಗ ರಸ್ತೆಗೆ ಅಡ್ಡ ಬಂದಿದ್ದರಿಂದ ಹಿಂದೆ ಬರುತ್ತಿದ್ದ ಲಾರಿ ನಿಲ್ಲಲೇಬೇಕಾಯಿತು. ಅದರ ಡ್ರೈವರ್ ಮಹಾಂತೇಶ ಬೈಯುತ್ತಲೇ ಇಳಿದು ಬಂದ. ಚಕ್ರದಡಿಯ ಚೀಲ ನೋಡಿ ಬಾಯಿ ಮುಚ್ಚಿಕೊಂಡ. ತನ್ನ ಗಾಡಿಯಿಂದ ದಪ್ಪ ಮರದ ತುಂಡುಗಳನ್ನು ತಂದು ನಾಲ್ಕೂ ಕಡೆ ಬಡಿದು ಕೂರಿಸಿದ.

"ಯಕ್ಕಾ, ನೀವು ಇಳೀರಿ. ನಾ ಒತ್ತತೀನಿ," ಎಂದ.

ಉಚ್ಚೆಂಗಮ್ಮನಿಗೆ ಬೇಕಾಗಿದ್ದೂ ಅದೇ. ಆದರೆ ಪಕ್ಕೀರಪ್ಪ ಎದ್ದು ನಿಂತ. "ಅತ್ತಿನಾ ಕುಂದರ್ಲಿ. ಅವರು ಕುಂತ್ರ ಮಾತ್ರ ನಾ ಕೆಳಗ ಹೋಗೋದು."

ಆಕೆಗೆ ಅಳು ಬಂತು. ಅಳುತ್ತಲೇ ಹತ್ತಿ ಕೂತಳು. ಮಹಾಂತೇಶ ಚಕ್ರದ ಬಳಿ ಬಗ್ಗಿ ನಿಂತು, "ಅಲುಗಾಡಿಲ್ಲ, ಅಲುಗಾಡಿಲ್ಲ" ಎಂದು ಕೂಗುತ್ತಿದ್ದ. ಆದರೂ ಒಂದೊಂದು ಸಲ ಒತ್ತುವಾಗಲೂ ಆಕೆಯ ಕಣ್ಣು ಹೊರಗಿನ ಗಿಡ ಬಿಟ್ಟು ಕದಲಲಿಲ್ಲ. ಗುಳ್ಳೆ ನಿಂತು ಎಣ್ಣೆ ತಿಳಿಯಾಗಿ ಬಂದ ಮೇಲೆ ಪಕ್ಕೀರಪ್ಪ ನಿಪ್ಪಲ್ ಬಿಗಿದ.

ಏರು ದಾಟಿ ಸಮತಟ್ಟು ಬಂದಾಗ ಅವನು ಚಹಾದಂಗಡಿಯ ಮುಂದೆ ಲಾರಿ ನಿಲ್ಲಿಸಿದ. ಇಬ್ಬರೂ ಚಹಾದ ಗ್ಲಾಸು ಹಿಡಿದು ಲಾರಿಯ ಪಕ್ಕದಲ್ಲಿ ನಿಂತರು.

"ಕರೆಮ್ಮಗ ಹೇಳಬ್ಯಾಡ್ರಿ ಅತ್ತಿ."

"ಹೇಳತೀನಿ," ಎಂದಳು ಉಚ್ಚೆಂಗಮ್ಮ. "ಹ್ಯಾಂಡ್‌ಬ್ರೇಕ್ ಸರಿಮಾಡಸದಾ ಈ ಗಾಡಿ ಹತ್ತಿದ್ರಂದ್ರ ಊರಿಗೆಲ್ಲಾ ಹೇಳತೀನಿ."

ಪಕ್ಕೀರಪ್ಪ ತಲೆ ತಗ್ಗಿಸಿ ಮೊಬೈಲ್ ತೆಗೆದು, ನಾಳೆ ಲೋಡಿಗೆ ಬರುವುದಿಲ್ಲವೆಂದು ಮಾಲೀಕನಿಗೆ ಹೇಳಿದ. ಆ ಕಡೆಯಿಂದ ಬೈಗುಳ ಕೇಳುತ್ತಲೇ ಇತ್ತು. ಉಚ್ಚೆಂಗಮ್ಮ ಅವನ ಗ್ಲಾಸನ್ನು ತಾನು ಹಿಡಿದುಕೊಂಡು ನಿಂತಳು.