ಹಿಕ್ಕೆಯೊಳಗಿನ ಸಂತಾನ

ಕಡ್ಡಿಯೆಂದು ಕಂಡಲ್ಲಿ ಜೀವವಾಗಿ, ಜಡವೆಂದು ಬಗೆದಲ್ಲಿ ಚೈತನ್ಯವಾಗಿ ನೆಲೆಸಿದ ಪರಮೇಶ್ವರನಿಗೆ ಮೊದಲ ನಮನ. ಅವನ ಕರುಣೆಯನ್ನು ನೆನೆದು ಈ ಕಥೆಯನ್ನು ಹೇಳುತ್ತೇನೆ.

ಬೈರಕೂರಿನ ತ್ರಿವೇಣಿ ಮುಳಬಾಗಿಲಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದುವ ಹುಡುಗಿ. ಒಣಕಡ್ಡಿಯನ್ನೇ ಹೋಲುವ ಕಡ್ಡಿಹುಳುಗಳನ್ನು ಅವಳು ಬಲೆ ಹೊದಿಸಿದ ಪೆಟ್ಟಿಗೆಯಲ್ಲಿ ಸೀಬೆಯೆಲೆ ಹಾಕಿ ಸಾಕಿದ್ದಳು. ಒಂದೊಂದಾಗಿ ಅಳಿದು, ಈಗ ಉಳಿದದ್ದು ಮುದಿಹೆಣ್ಣೊಂದೇ. ಅದು ಮೊಟ್ಟೆಯಿಡದೆ ಹೋದರೆ ವಂಶವೇ ಮುಗಿಯಿತೆಂಬ ಚಿಂತೆ ಅವಳನ್ನು ಕೊರೆಯುತ್ತಿತ್ತು.

ಅಜ್ಜಿ ಮುನಿಯಲ್ಲಮ್ಮನಾದರೋ ಬಾಳೆಲ್ಲ ರೇಷ್ಮೆಹುಳು ಮೇಯಿಸಿದವಳು. ಹಾಸು ಕೊಳೆಯಾದರೆ ಹುಳುವಿಗೆ ರೋಗವೆಂಬುದು ಅವಳು ಕಲಿತ ಧರ್ಮ. ಮೊಮ್ಮಗಳು ಬಸ್ಸು ಹತ್ತಿದೊಡನೆ ಪೆಟ್ಟಿಗೆಯ ತಳವನ್ನು ಗುಡಿಸಿ, ಹಿಕ್ಕೆಯನ್ನು ಹಿತ್ತಲ ಸೀಬೆಮರದ ಬುಡಕ್ಕೆ ಸುರಿಯುವುದು ಅವಳ ನಿತ್ಯವ್ರತವಾಗಿತ್ತು.

ರಜೆಯ ದಿನವೊಂದರಲ್ಲಿ ತ್ರಿವೇಣಿ ಅದನ್ನು ಕಂಡಳು. ಮೊರದ ಹಿಕ್ಕೆಯೊಳಗಿಂದ ಕಂದುಕಾಳೊಂದನ್ನು ಹೆಕ್ಕಿ ಬೆಳಕಿಗೆ ಹಿಡಿದಳು. ಅದರ ತುದಿಗೊಂದು ಪುಟ್ಟ ಮುಚ್ಚಳವಿತ್ತು.

"ಅಜ್ಜೀ, ಇದು ಮೊಟ್ಟೆ! ಇಷ್ಟು ದಿನ ಎಲ್ಲಾ ಆಚೆ ಹಾಕ್ಬಿಟ್ಯಾ?"

"ಏನೇ ಹಂಗಂದ್ರೆ? ರೇಷ್ಮೆಚಿಟ್ಟೆ ಕಾಗದಕ್ಕೆ ಅಂಟಿಸಿ ಇಡುತ್ತೆ. ಇದೇನು, ಹಿಕ್ಕೆ ಜೊತೆ ಉದುರಿಸೋದಾ? ಅದೂ ಗಂಡಿಲ್ದೆ?"

"ಇದಕ್ಕೆ ಗಂಡು ಬೇಕಿಲ್ಲ ಕಣಜ್ಜಿ."

"ಪುಣ್ಯವಂತೆ ಬಿಡು!" ಎಂದು ನಕ್ಕ ಮುದುಕಿಯ ಮುಖ ಮರುಕ್ಷಣವೇ ಬಾಡಿತು. "ಅಯ್ಯೋ, ಬಾಣಂತಿ ಮಕ್ಕಳನ್ನೇ ಗುಡಿಸಿ ಹಾಕಿದ್ನಲ್ಲೇ!"

ಆ ಸಂಜೆ ತಾಯಿಹುಳು ಪ್ರಾಣಬಿಟ್ಟು ಕೊಂಬೆಯಿಂದ ಕಳಚಿ ಬಿತ್ತು. ಇನ್ನುಳಿದ ಆಸೆ ಮರದ ಬುಡದ ಮಣ್ಣೊಂದೇ. ಮರುದಿನ ಇಬ್ಬರೂ ಕುಳಿತು ಜರಡಿ ಹಿಡಿದರು. ಇರುವೆಗಳು ಹೊತ್ತೊಯ್ದು ಮಿಕ್ಕ ಮೊಟ್ಟೆಗಳು ಹಿಡಿಯಷ್ಟೂ ಇರಲಿಲ್ಲ. ಅವನ್ನು ತೇವದ ಮರಳಿನ ಮೇಲೆ ಹರಡಿ ಬಲೆ ಮುಚ್ಚಿದರು. ತಿಂಗಳುಗಳು ಉರುಳಿದವು. ಗುಡಿಸಲು ತುಡಿಯುವ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಿ ದಿನವೂ ಬಂದು ನೋಡುವಳು.

ಒಂದು ಬೆಳಗ್ಗೆ ಅವಳು ಕೂಗಿದಳು: "ಲೇ ತ್ರಿವೇಣಿ, ಓಡಿ ಬಾರೇ! ದಾರದೆಳೆಗೆ ಕಾಲು ಬಂದವೆ!"

ಮುಚ್ಚಳ ತೆರೆದ ಮೊಟ್ಟೆಗಳ ನಡುವೆ ಎಳೆಯ ಕಡ್ಡಿಗಳು ತಡವರಿಸುತ್ತಿದ್ದವು. ತ್ರಿವೇಣಿ ಅಜ್ಜಿಯನ್ನು ಅಪ್ಪಿಕೊಂಡಳು. ಮುದುಕಿ ಹಿತ್ತಲಿಗೆ ಹೋಗಿ ಮರದ ಬುಡದ ಮಣ್ಣನ್ನು ಕಣ್ಣಿಗೊತ್ತಿಕೊಂಡು, "ನಾನು ಎಸೆದಿದ್ದನ್ನ ನೀನು ಕಾಯ್ದೆ ತಾಯಿ" ಎಂದು ಕೈಮುಗಿದಳು.

ಇದನ್ನು ಕೇಳಿದ ಸಕಲರ ಮನೆಯಲ್ಲೂ ಅರಿಯದೆ ಚೆಲ್ಲಿದ್ದು ಚಿಗುರಲಿ, ಕಾಯುವ ತಾಳ್ಮೆ ಎಲ್ಲರಿಗೂ ಒದಗಲಿ, ಸರ್ವರಿಗೂ ಮಂಗಳವಾಗಲಿ.