ವೆಂಕಪ್ಪನ ಚಲೋ ಕಾಲು

ವೆಂಕಪ್ಪ ಎರಡು ಕಂಬಿಗಳ ನಡುವೆ ಕೈಯೂರಿ ಒಂದು ಸುತ್ತು ನಡೆದು ಬಂದ. ತಿರುಗುವಾಗ ಅವನು ಹಲ್ಲು ಕಚ್ಚಿದ್ದು, ಅವನಿಗೆ ಕೃತಕ ಕಾಲು ಮಾಡಿಕೊಟ್ಟ ಸಾಯಿಮಾಳ ಕಣ್ಣಿಗೆ ಬಿತ್ತು.

“ಎಲ್ಲರೆ ಚುಚ್ಚತೈತೇನ್ರಿ ಕಾಕಾ?”

“ಇಲ್ಲವ್ವಾ, ಭಾಳ ಚಲೋ ಐತಿ,” ಎಂದಳು ಅವನ ಹೆಂಡತಿ ಅಂಬವ್ವ.

“ನಾ ಕಾಕಾರನ್ನ ಕೇಳಿದ್ನಿ, ಕಾಕಿ.”

“ಚಲೋ ಐತಿ,” ಎಂದ ವೆಂಕಪ್ಪ.

ಸಾಯಿಮಾಗೆ ಹಣೆ ಚಚ್ಚಿಕೊಳ್ಳಬೇಕು ಅನಿಸಿತು. ಇದೇ ಮಾತು ಮೊದಲ ಸಾಕೆಟ್ಟಿಗೂ ಬಂದಿತ್ತು, ಎರಡನೆಯದಕ್ಕೂ ಬಂದಿತ್ತು. ಪ್ರತಿಸಲ ಅದನ್ನು ಬಿಚ್ಚಿ ಮೊಂಡುಗಾಲು ನೋಡಿದರೆ ಮೊಣಕಾಲ ಹಿಂದೆ ಕೆಂಪಗೆ ಸುಲಿದ ಗೆರೆ, ಸಾಕೆಟ್ಟಿನೊಳಗೆ ತುರುಕಿದ ಹಳೇ ಪಂಜೆಯ ಚೂರು. ಚಲೋ ಇದ್ದ ಕಾಲಿಗೆ ಯಾರಾದರೂ ಚಿಂದಿ ತುರುಕುತ್ತಾರೆಯೇ?

ವೆಂಕಪ್ಪ ಬೆಟಗೇರಿಯ ನೇಕಾರ. ಲಕ್ಕುಂಡಿ ಹತ್ತಿರ ಟೆಂಪೊ ಉರುಳಿ ಬಲಗಾಲು ಮೊಣಕಾಲ ಕೆಳಗೆ ಹೋಗಿತ್ತು. ಅಂಥವರ ಮೊಂಡುಗಾಲು ಬೆಳಿಗ್ಗೆ ಉಬ್ಬಿರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಅದು ಕೂರುವ ಪ್ಲಾಸ್ಟಿಕ್ ಬಟ್ಟಲೇ ಸಾಕೆಟ್. ಒಂದೇ ಅಳತೆಯಲ್ಲಿ ಎರಕ ಹೊಯ್ದರೆ ಬೆಳಿಗ್ಗೆ ಹಿಂಡುತ್ತದೆ, ಸಂಜೆ ಗಲಗಲ ಅಲ್ಲಾಡುತ್ತದೆ. ಅದಕ್ಕೇ ಸಾಯಿಮಾ ಬಟ್ಟಲಿನ ಎರಡು ಬದಿ ಕೊಯ್ದು, ಸರಿಯುವ ಪಟ್ಟಿ ಕೂರಿಸಿ, ಬೇಕೆಂದಾಗ ಬಿಗಿದು ಬೇಡವೆಂದಾಗ ಸಡಿಲಿಸುವ ಬಕಲ್ ಇಟ್ಟಿದ್ದಳು. ಗದಗದ ಈ ಕೃತಕ ಅಂಗ ಕೇಂದ್ರದಲ್ಲಿ ಅವಳು ಇಷ್ಟು ತಲೆ ಕೆಡಿಸಿಕೊಂಡ ಕೆಲಸ ಬೇರೊಂದಿರಲಿಲ್ಲ.

“ಮಾಮೂಲಿ ಗಟ್ಟಿ ಸಾಕೆಟ್ ಕೊಟ್ಟು ಕಳಿಸಿಬಿಡ್ರಿ,” ಎಂದ ಜೊತೆಗೆ ಕೆಲಸ ಮಾಡುವ ಅಜಯಕುಮಾರ. “ಅವರ ಚಲೋ ಐತಿ ಅಂದ್ಮ್ಯಾಲೆ ನಿಮಗ್ಯಾಕ ಉಸಾಬರಿ?”

ಉಸಾಬರಿ ಬಿಡಲಿಲ್ಲ. ಮರುದಿನ ಮಧ್ಯಾಹ್ನ ಸಾಯಿಮಾ ಹೇಳದೆ ಕೇಳದೆ ಬೆಟಗೇರಿಯ ವೆಂಕಪ್ಪನ ಮನೆಗೆ ಹೋದಳು.

ಬಾಗಿಲಲ್ಲೇ ಜಗಳ ಕೇಳಿಸಿತು. “ನಾ ತುಳಿಯೂದರಾಗ ನೀ ಯಾಕ ತುಳದಿ?” “ನೀವು ತಡಾ ಮಾಡಿದ್ರ ನಾ ಏನ್ ಮಾಡ್ಲಿ?” ಒಳಗೆ ಗುಂಡಿ ಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಗಂಡ ಹೆಂಡತಿ ಇಬ್ಬರೂ ಒಬ್ಬರಿಗೊಬ್ಬರು ಒತ್ತಿ ಕೂತಿದ್ದರು. ಎಡದ ಹಲಗೆ ಅವನು ತುಳಿದರೆ ಬಲದ್ದು ಅವಳು. ನಿನ್ನೆ ತೊಟ್ಟು ಬಂದ ಹೊಸ ಕಾಲು ಗೋಡೆಯ ಗೂಟಕ್ಕೆ ನೇತಾಡುತ್ತಿತ್ತು.

ಸಾಯಿಮಾಳ ಸಹನೆ ಅಲ್ಲಿಗೆ ಮುಗಿಯಿತು. “ಚಲೋ ಐತಿ, ಚಲೋ ಐತಿ ಅಂದ್ರೆಲ್ಲರಿ ಇಷ್ಟು ದಿನಾ! ಮತ್ತ ಇದೇನಿದು?”

ಅಂಬವ್ವ ಸೆರಗು ಸರಿಮಾಡಿಕೊಂಡು ಬಾಯಿ ತೆರೆದಳು. ವೆಂಕಪ್ಪ ಲಾಳಿ ಕೆಳಗಿಟ್ಟ.

“ನೀ ಸುಮ್ನಿರು,” ಎಂದ ಹೆಂಡತಿಗೆ. ಆಮೇಲೆ ಸಾಯಿಮಾಳ ಕಡೆ ತಿರುಗಿದ. “ನೋವು ಅಂದ್ರ ನೀ ಬಿಡ್ತೀಯೇನು? ಮತ್ತ ಸುಣ್ಣದ ಪಟ್ಟಿ ಸುತ್ತತಿ, ಮತ್ತ ಅಳತಿ ತಗೊಂತಿ, ಮತ್ತ ಕಂಬಿ ಹಿಡದು ನಡೀರಿ ಅಂತಿ. ನನಗ ಸಾಕಾಗೇತಿ ತಂಗಿ! ಚಲೋ ಐತಿ ಅಂದ್ರ ಮನಿಗರೆ ಬಿಡ್ತಿ!”

“ಹಂಗಂತ ಸುಳ್ಳು ಹೇಳೂದೇನ್ರಿ? ನೀವು ಹೇಳದ ನನಗ ಹೆಂಗ ತಿಳೀಬೇಕು? ನನಗೂ ಸಾಕಾಗೇತಿ!”

“ಕೇಳ ಹಂಗಾರ! ನಿಂತಾಗ ಸೈ ಐತಿ ಅದು. ಕುಂತು ಮಣಕಾಲ ಮಡಚಿದ್ರ ಹಿಂದಿನ ಅಂಚು ಕುಡಗೋಲಿನಂಗ ಕೊಯ್ತೈತಿ. ಸಡ್ಲ ಮಾಡೂಣಂದ್ರ ಬಕಲ್ ಒಳಮಗ್ಗಲಿಗೆ ಇಟ್ಟಿ. ಈ ಕುಣ್ಯಾಗ ಕೈ ಹೋಗತೈತೇನು? ನೀನ ಇಳದು ನೋಡು!”

ಅವಳು ಇಳಿದಳು. ಅಂಬವ್ವ ಎದ್ದು ಕೊಟ್ಟ ಜಾಗದಲ್ಲಿ ಕೂತು ಕಾಲು ಇಳಿಬಿಟ್ಟು, ಮೊಣಕಾಲ ಒಳಮಗ್ಗುಲಿಗೆ ಕೈ ಚಾಚಿದಳು. ಎದೆಗೆ ಮಗ್ಗದ ಮರ ಅಡ್ಡ ಬಂತು. ಕೇಂದ್ರದಲ್ಲಿ ಎತ್ತರದ ಕುರ್ಚಿಯ ಮೇಲೆ ಕೂರಿಸಿ ಅಳತೆ ತೆಗೆದಾಗ ಇದು ತೋಚಿರಲಿಲ್ಲ. ಸಿಟ್ಟು ಇಳಿಯಲಿಲ್ಲ, ಆದರೆ ಅದರೊಳಗೇ ಏನೋ ಹಗುರಾಯಿತು. ನೋವು ಎಲ್ಲಿದೆ ಎಂಬುದು ಕೊನೆಗೂ ಗೊತ್ತಾಗಿತ್ತು. ಗೂಟದಿಂದ ಕಾಲು ಇಳಿಸಿ, ಅವನಿಗೆ ಅಲ್ಲೇ ತೊಡಿಸಿ, ಕುಣಿಯಲ್ಲಿ ಕೂರಿಸಿ, ಅಂಚು ಕೊಯ್ಯುವ ಕಡೆಯೆಲ್ಲ ಪೆನ್ಸಿಲ್ಲಿನಿಂದ ಗೀಚಿದಳು. ಅವನು ಬೈಯುತ್ತಲೇ ತೋರಿಸಿದ. ಅವಳೂ ಗೊಣಗುತ್ತಲೇ ಗೀಚಿದಳು.

ಹೊಸ ಸಾಕೆಟ್ಟಿನ ಹಿಂದಿನ ಅಂಚನ್ನು ತಗ್ಗಿಸಿ, ಅಲ್ಲಿ ಬಾಗುವ ಮೆತ್ತನೆಯ ಪಟ್ಟಿ ಕೂರಿಸಿದಳು. ಬಕಲ್ ಹೊರಮಗ್ಗುಲಿಗೆ, ಸಲೀಸಾಗಿ ಕೈ ಬೀಳುವ ಎತ್ತರಕ್ಕೆ ಬಂತು. ಈ ಸಲ ನಡೆಸಿ ನೋಡಿ ಅಷ್ಟಕ್ಕೇ ಬಿಡಲಿಲ್ಲ, ಮಗ್ಗದ ಮೇಲೂ ಕೂರಿಸಿದಳು. ವೆಂಕಪ್ಪ ಬಕಲ್ ಸಡಿಲಿಸಿದ, ಮೊಣಕಾಲು ಮಡಚಿದ, ಬಲದ ಹಲಗೆಯನ್ನು ತಾನೇ ತುಳಿದ. ಲಾಳಿ ಆಚೆ ಹೋಯಿತು, ಈಚೆ ಬಂತು. ಅಂಬವ್ವ ಕುಣಿಯ ಅಂಚಿನಲ್ಲಿ ನಿಂತು ನೋಡಿದಳು. ಎಷ್ಟೋ ಹೊತ್ತು ಅವಳ ಬಲಗಾಲು ನೆಲವನ್ನು ತಾಳಕ್ಕೆ ತುಳಿಯುತ್ತಲೇ ಇತ್ತು.

“ಹೆಂಗೈತ್ರಿ?” ಎಂದಳು ಸಾಯಿಮಾ.

“ಬಲಕ್ಕ ಒಂದೀಟು ಒತ್ತತೈತಿ,” ಎಂದ ವೆಂಕಪ್ಪ.

ಸಾಯಿಮಾಗೆ ಅವನ ಕಾಲಿಗೆ ಬೀಳಬೇಕು ಅನಿಸಿತು. “ಏನಾರ ಆದ್ರ ಮುಚ್ಚಿಡಬ್ಯಾಡ್ರಿ, ಫೋನ್ ಮಾಡ್ರಿ,” ಎಂದಳು.

ಅದೇ ತಪ್ಪಾಯಿತು. ಮರುದಿನ ಸಂಜೆ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕೂತಿದ್ದಾಗ ಮೊದಲ ಫೋನು: ಪಟ್ಟಿ ಕಿರ್ ಅಂತೈತಿ. ಬೆಳಿಗ್ಗೆ ರೊಟ್ಟಿ ಕಟ್ಟಿಕೊಳ್ಳುವಾಗ ಇನ್ನೊಂದು: ಬಕಲಿಗೆ ನೂಲು ಸಿಕ್ಕೊಂಡೈತಿ. ಶಿರಹಟ್ಟಿಯಲ್ಲಿ ಚಿಕ್ಕಮ್ಮನ ಮನೆಯ ಮದುವೆಯಲ್ಲಿ ಮೆಹಂದಿಯ ಕೈ ಎತ್ತಿ ಹಿಡಿದು ಕೂತಿದ್ದಳು, ಮತ್ತೆ ವೆಂಕಪ್ಪನ ಫೋನು ಬಂತು. ತಂಗಿ ರುಹಿ ಫೋನನ್ನು ಅವಳ ಕಿವಿಗೆ ಹಿಡಿದಳು.

“ತಂಗಿ, ಮಧ್ಯಾನ್ನಕ್ಕ ಸಡ್ಲ ಆಗತೈತಿ.”

“ಆಗ ಬಿಗಿ ಮಾಡ್ಬೇಕ್ರಿ ಕಾಕಾ! ಬಕಲ್ ಇಟ್ಟಿದ್ದ ಅದಕ್ಕ!”

“ಹೌದಲ್ಲ,” ಎಂದ ವೆಂಕಪ್ಪ. ಬಕಲ್ ಕಟಕಟ ಬಿಗಿಯುವ ಸದ್ದು ಕೇಳಿಸಿತು. “ಆತು. ಇನ್ನೊಂದು ಹೇಳೂದೈತಿ, ಫೋನ್ ಇಡಬ್ಯಾಡ.”